ಸ್ವಂತ ತೈಲಬಾವಿ ಇದ್ದರೆ ಪೆಟ್ರೋಲ್ ಅಗ್ಗವಾಗುತ್ತದೆಯೇ?

ಪ್ರಶ್ನೆ: ಎಲ್ಲೋ ದೂರದಲ್ಲಿ ಯುದ್ಧ ಶುರುವಾದರೆ ಕೆಲವೇ ದಿನಗಳಲ್ಲಿ ಬಂಕಿನಲ್ಲಿ ಪೆಟ್ರೋಲ್ ದರ ಏರುತ್ತದೆ. ವಿದೇಶಿ ತೈಲವನ್ನು ನೆಚ್ಚಿಕೊಂಡಿರುವುದೇ ಇದಕ್ಕೆಲ್ಲ ಕಾರಣ ಎನ್ನುತ್ತಾರೆ. ಹಾಗಾದರೆ ಒಂದು ದೇಶ ತನಗೆ ಬೇಕಾದ ತೈಲವನ್ನೆಲ್ಲ ತನ್ನ ನೆಲದಿಂದಲೇ ತೆಗೆದುಕೊಂಡರೆ ಈ ಕಾಟ ತಪ್ಪುತ್ತದೆಯೇ? ಕಚ್ಚಾ ತೈಲ ಇಳಿದಾಗ ಪೆಟ್ರೋಲ್ ಅಷ್ಟೇ ಬೇಗ ಏಕೆ ಇಳಿಯುವುದಿಲ್ಲ? ಬೆಲೆ ಏರುವ ಸುದ್ದಿ ಬಂದ ಕೂಡಲೇ ಹೋಗಿ ಟ್ಯಾಂಕ್ ತುಂಬಿಸಿಕೊಳ್ಳುವುದು ಜಾಣತನವೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ, ತಪ್ಪುವುದಿಲ್ಲ. ಸ್ವಂತ ತೈಲವಿದ್ದರೆ ಖಜಾನೆಗೆ ಒಳ್ಳೆಯದು, ವಿದೇಶಿ ವಿನಿಮಯ ಉಳಿಯುತ್ತದೆ, ಕಷ್ಟಕಾಲಕ್ಕೆ ಒಂದು ಧೈರ್ಯವಿರುತ್ತದೆ. ಆದರೆ ಬಂಕಿನಲ್ಲಿ ಪೈಪು ಹಿಡಿದು ನಿಂತವರಿಗೆ ಕಾಣುವ ದರದಲ್ಲಿ ಅದರ ಫಲ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ‘ವಿದೇಶಿ ತೈಲ’ ಎಂಬ ಎರಡು ಪದಗಳಲ್ಲಿ ನಮ್ಮನ್ನು ಕಾಡುತ್ತಿರುವುದು ಎರಡನೆಯದು. ಮೊದಲನೆಯ ಪದದ ಮೇಲೆ ಭಾಷಣ ಮಾಡುವುದು ಸುಲಭ, ಹಾಗಾಗಿ ಎಲ್ಲ ದೇಶಗಳ ರಾಜಕಾರಣಿಗಳಿಗೂ ಅದೇ ಇಷ್ಟ.

ಜಗತ್ತಿನ ತೈಲ ಮಾರುಕಟ್ಟೆಯನ್ನು ಒಂದು ದೊಡ್ಡ ಕೆರೆ ಎಂದುಕೊಳ್ಳಿ. ಹತ್ತಾರು ಹಳ್ಳಗಳಿಂದ ನೀರು ಬಂದು ಸೇರುತ್ತದೆ, ಹತ್ತಾರು ತೂಬುಗಳಿಂದ ಹೊರಗೆ ಹೋಗುತ್ತದೆ. ದಿನಕ್ಕೆ ಹೆಚ್ಚುಕಡಿಮೆ 10 ಕೋಟಿ ಬ್ಯಾರಲ್ ಒಳಬಂದು ಅಷ್ಟೇ ಹೊರಹೋಗುತ್ತದೆ. ಒಂದು ಬ್ಯಾರಲ್ ಎಂದರೆ 159 ಲೀಟರ್. ಯಾವುದೋ ಒಂದು ಹಳ್ಳ ಬತ್ತಿದರೆ ಆ ಹಳ್ಳದ ಪಕ್ಕದ ತೂಬಿನಲ್ಲಿ ಮಾತ್ರ ನೀರು ಕಡಿಮೆಯಾಗುವುದಿಲ್ಲ, ಇಡೀ ಕೆರೆಯ ಮಟ್ಟವೇ ಇಳಿಯುತ್ತದೆ. ಬೆಲೆ ಎಂದರೆ ಆ ಮಟ್ಟ. ಉತ್ತರ ಸಮುದ್ರದ ಬ್ರೆಂಟ್, ಅಮೆರಿಕದ ಡಬ್ಲ್ಯೂಟಿಐ, ಪಶ್ಚಿಮ ಏಷ್ಯಾದ ದುಬೈ ಎಂದು ದರದ ಪಟ್ಟಿಯಲ್ಲಿ ಬೇರೆ ಬೇರೆ ಹೆಸರು ಕಾಣುತ್ತವೆ. ಅವು ಒಂದೇ ಕೆರೆಯ ಬೇರೆ ಬೇರೆ ಮೂಲೆಗಳಲ್ಲಿ ನೆಟ್ಟ ಅಳತೆಗೋಲುಗಳಿದ್ದಂತೆ. ಗುಣಮಟ್ಟ ಮತ್ತು ಸಾಗಣೆ ವೆಚ್ಚಕ್ಕೆ ತಕ್ಕಂತೆ ಕೆಲವು ಡಾಲರ್ ವ್ಯತ್ಯಾಸವಿರುತ್ತದೆ, ಏರಿಳಿತ ಮಾತ್ರ ಒಟ್ಟೊಟ್ಟಿಗೆ.

ಇದು ನನ್ನ ಕಲ್ಪನೆಯೇನಲ್ಲ, 1973ರಲ್ಲಿ ಜಗತ್ತು ದುಡ್ಡು ತೆತ್ತು ಕಲಿತ ಪಾಠ. ಆ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧ ನಡೆಯುತ್ತಿದ್ದಾಗ ಅರಬ್ ತೈಲ ರಾಷ್ಟ್ರಗಳು ಎರಡು ಕೆಲಸ ಮಾಡಿದವು. ಇಸ್ರೇಲಿಗೆ ನೆರವಾದ ಅಮೆರಿಕ, ನೆದರ್‌ಲ್ಯಾಂಡ್ಸ್‌ನಂಥ ದೇಶಗಳಿಗೆ ತೈಲ ಕೊಡುವುದಿಲ್ಲ ಎಂದವು. ಜೊತೆಗೆ ಒಟ್ಟು ಉತ್ಪಾದನೆಯನ್ನೇ ತಿಂಗಳಿಂದ ತಿಂಗಳಿಗೆ ಇಳಿಸುತ್ತೇವೆ ಎಂದವು. ಜನರ ನೆನಪಿನಲ್ಲಿ ಉಳಿದದ್ದು ಮೊದಲನೆಯದು, ನಿಜವಾಗಿ ಹೊಡೆತ ಕೊಟ್ಟದ್ದು ಎರಡನೆಯದು. ನೆದರ್‌ಲ್ಯಾಂಡ್ಸ್ ಸರ್ಕಾರ ಹೆದರಿ ನವೆಂಬರಿನಲ್ಲಿ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು. ಖಾಲಿ ಹೆದ್ದಾರಿಯಲ್ಲಿ ಮಕ್ಕಳು ಸೈಕಲ್ ಹೊಡೆಯುವ ಆ ಕಾಲದ ಚಿತ್ರಗಳನ್ನು ನೀವೂ ನೋಡಿರಬಹುದು. ಆದರೆ ಆ ದೇಶ ತೈಲವಿಲ್ಲದೆ ಒಣಗಲಿಲ್ಲ. ತೈಲ ಕಂಪನಿಗಳು ಅರಬ್ ತೈಲವನ್ನು ನಿರ್ಬಂಧವಿಲ್ಲದ ದೇಶಗಳಿಗೂ, ಬೇರೆಡೆಯ ತೈಲವನ್ನು ನಿರ್ಬಂಧಕ್ಕೊಳಗಾದ ದೇಶಗಳಿಗೂ ತಿರುಗಿಸಿ ಕೊರತೆಯನ್ನು ಎಲ್ಲರಿಗೂ ಹಂಚಿಬಿಟ್ಟವು. ಹಂಚಿದ್ದು ಕೊರತೆಯನ್ನಷ್ಟೇ ಅಲ್ಲ, ಬೆಲೆಯನ್ನೂ. ಬ್ಯಾರಲ್ಲಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಪ್ರಕಟಿತ ದರ, ಅಂದರೆ ತೈಲ ರಾಷ್ಟ್ರಗಳು ಘೋಷಿಸುವ ದರ, 1974ರ ಜನವರಿಯ ಹೊತ್ತಿಗೆ 12 ಡಾಲರ್ ಸಮೀಪಕ್ಕೆ ಹೋಗಿತ್ತು. ಅರಬರ ಜೊತೆ ಯಾವ ಜಗಳವೂ ಇಲ್ಲದಿದ್ದ ಬಡ ದೇಶಗಳೂ ಅದೇ ದರ ಕೊಟ್ಟವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ತೈಲದ ವಿಷಯದಲ್ಲಿ ಗಾದೆಯಲ್ಲ, ಲೆಕ್ಕಪತ್ರ.

ಐವತ್ತು ವರ್ಷ ಕಳೆದ ಮೇಲೂ ಇದೇ ಆಯಿತು. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಯುರೋಪ್ ರಷ್ಯಾದ ಕಚ್ಚಾ ತೈಲಕ್ಕೆ ಬಹುಮಟ್ಟಿಗೆ ಬಾಗಿಲು ಹಾಕಿತು. ಆ ತೈಲ ಭೂಮಿಯೊಳಗೆ ಉಳಿಯಲಿಲ್ಲ. ರಿಯಾಯಿತಿ ದರದಲ್ಲಿ ಭಾರತ, ಚೀನಾ ಕಡೆಗೆ ಹರಿಯಿತು. ಆ ದೇಶಗಳಿಗೆ ಬರಬೇಕಿದ್ದ ಬೇರೆ ತೈಲ ಯುರೋಪಿಗೆ ಹೋಯಿತು. ಹಡಗುಗಳ ದಾರಿ ಉದ್ದವಾಯಿತು, ಬಾಡಿಗೆ, ವಿಮೆ ಏರಿದವು. ಕೆರೆ ಅದೇ, ಕಾಲುವೆಗಳು ಮಾತ್ರ ಅದಲುಬದಲಾದವು.

ಈಗ ನಿಮ್ಮ ಮಾತಿಗೇ ಬರುತ್ತೇನೆ. ತಾನೇ ತೈಲ ತೆಗೆಯುವ ದೇಶಕ್ಕೆ ಏನಾಗುತ್ತದೆ? ಅಮೆರಿಕವನ್ನೇ ನೋಡಿ. 1973ರ ನವೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ 1980ರೊಳಗೆ ಇಂಧನದಲ್ಲಿ ಪೂರ್ತಿ ಸ್ವಾವಲಂಬಿಗಳಾಗುತ್ತೇವೆ ಎಂದು ಘೋಷಿಸಿದರು. 1980 ಬಂತು, ಹೋಯಿತು. 2005ರ ಹೊತ್ತಿಗೆ ಆ ದೇಶ ಬಳಸುವ ತೈಲದಲ್ಲಿ ನೂರಕ್ಕೆ 60ರಷ್ಟು ನಿವ್ವಳ ಆಮದು, ಅಂದರೆ ರಫ್ತು ಕಳೆದು ಉಳಿದ ಆಮದು. ಆಮೇಲೆ ಷೇಲ್ ಬಂಡೆಗಳನ್ನು ಒಡೆದು ತೈಲ ತೆಗೆಯುವ ವಿದ್ಯೆ ಕೈಹಿಡಿಯಿತು. ಉತ್ಪಾದನೆ ಹುಚ್ಚುಹೊಳೆಯಂತೆ ಉಕ್ಕಿ, 2020ರಲ್ಲಿ ಅಮೆರಿಕ ಪೆಟ್ರೋಲಿಯಂ ಉತ್ಪನ್ನಗಳೂ ಸೇರಿದ ಲೆಕ್ಕದಲ್ಲಿ ನಿವ್ವಳ ರಫ್ತುದಾರ ದೇಶವೇ ಆಗಿಬಿಟ್ಟಿತು. ನಿಕ್ಸನ್ ಕನಸು ನಲವತ್ತು ವರ್ಷ ತಡವಾಗಿ ನನಸಾಯಿತು ಎನ್ನಿ. ಎರಡೇ ವರ್ಷಕ್ಕೆ, 2022ರ ಜೂನಿನಲ್ಲಿ, ಅಲ್ಲಿ ಪೆಟ್ರೋಲಿನ ಸರಾಸರಿ ದರ ಚರಿತ್ರೆಯಲ್ಲೇ ಮೊದಲ ಸಲ ಗ್ಯಾಲನ್ನಿಗೆ (ಸುಮಾರು 3.8 ಲೀಟರಿಗೆ) 5 ಡಾಲರ್ ದಾಟಿತು. ತೈಲ ತಮ್ಮದು, ಬಾವಿ ತಮ್ಮದು, ಪೈಪ್‌ಲೈನ್ ತಮ್ಮದು, ಬೆಲೆ ಮಾತ್ರ ಎಲ್ಲರದ್ದು.

ಕಾರಣ ಸರಳ. ಟೆಕ್ಸಾಸಿನ ಬಾವಿಯ ಮಾಲೀಕನಿಗೆ ಹೊರಗೆ 110 ಡಾಲರ್ ಸಿಗುತ್ತಿರುವಾಗ ಊರಿನವರೆಂಬ ಪ್ರೀತಿಗೆ 60ಕ್ಕೆ ಮಾರಬೇಕೆಂಬ ಹಂಗಿಲ್ಲ. ಮಾರಲೇಬೇಕೆಂದು ಕಾನೂನು ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಿ ನೋಡಿದ್ದಾರೆ. 1975ರಿಂದ 2015ರವರೆಗೆ ಅಮೆರಿಕದಲ್ಲಿ ಕಚ್ಚಾ ತೈಲದ ರಫ್ತಿಗೆ ನಿಷೇಧವಿತ್ತು. ಆದರೆ ಪೆಟ್ರೋಲ್, ಡೀಸೆಲ್ ರಫ್ತಿಗೆ ಇರಲಿಲ್ಲ. ಹಾಗಾಗಿ ಷೇಲ್ ತೈಲ ಉಕ್ಕಿ ಕಚ್ಚಾ ತೈಲ ಒಳನಾಡಿನಲ್ಲಿ ಅಗ್ಗವಾದಾಗ ಅದರ ಲಾಭ ಕಚ್ಚಾ ತೈಲವನ್ನು ಪೆಟ್ರೋಲ್, ಡೀಸೆಲ್ ಮಾಡುವ ರಿಫೈನರಿಗಳ ಕಿಸೆ ಸೇರಿತು, ಬಂಕಿನ ದರ ಲೋಕದ ದರವನ್ನೇ ಹಿಂಬಾಲಿಸಿತು.

ಇನ್ನೂ ಮುಟ್ಟಿನೋಡಿಕೊಳ್ಳುವಂಥ ಉದಾಹರಣೆ ಬ್ರಿಟನ್ನಿನದು. ಉತ್ತರ ಸಮುದ್ರದಲ್ಲಿ ಅವರ ತೈಲ ಉತ್ಪಾದನೆ ತುತ್ತತುದಿ ಮುಟ್ಟಿದ್ದು 1999ರಲ್ಲಿ. ತಾವು ಉಂಡು ಮಿಕ್ಕಿದ್ದನ್ನು ಮಾರುವ ಸ್ಥಿತಿ. ಮರುವರ್ಷ, 2000ದ ಸೆಪ್ಟೆಂಬರಿನಲ್ಲಿ, ಇಂಧನದ ಬೆಲೆ ತಾಳಲಾರದೆ ಲಾರಿ ಮಾಲೀಕರು, ರೈತರು ರಿಫೈನರಿಗಳ ಬಾಗಿಲಲ್ಲಿ ಅಡ್ಡಕೂತರು. ಕೆಲವೇ ದಿನಗಳಲ್ಲಿ ಸಾವಿರಾರು ಬಂಕುಗಳು ಬರಿದಾದವು. ಆಗ ಅಲ್ಲಿ ಒಂದು ಲೀಟರಿನ ಬೆಲೆಯಲ್ಲಿ ಸುಮಾರು ಮುಕ್ಕಾಲು ಪಾಲು ತೆರಿಗೆಯೇ ಇತ್ತು. ಸ್ವಂತ ತೈಲವಿದ್ದ ದೇಶವನ್ನು ಮಂಡಿಯೂರಿಸಿದ್ದು ಅರಬ್ ಶೇಖ್‌ಗಳೂ ಅಲ್ಲ, ತೈಲ ರಫ್ತು ದೇಶಗಳ ಕೂಟವಾದ ಒಪೆಕ್ಕೂ ಅಲ್ಲ, ಅವರದೇ ತೆರಿಗೆ ಮತ್ತು ಅವರದೇ ಲಾರಿಗಳು.

ಹಾಗಾದರೆ ಸ್ವಂತ ತೈಲದಿಂದ ಏನೂ ಉಪಯೋಗವಿಲ್ಲವೇ? ಖಂಡಿತ ಇದೆ. ಆ ಮಾತನ್ನು ಬಿಟ್ಟರೆ ನಿಮಗೆ ಅರ್ಧಸತ್ಯ ಹೇಳಿದಂತಾಗುತ್ತದೆ. ಬೆಲೆ ಏರಿದಾಗ ಆಮದು ಮಾಡುವ ದೇಶದ ದುಡ್ಡು ಹೊರಗೆ ಹೋಗುತ್ತದೆ. ತೈಲವಿರುವ ದೇಶದಲ್ಲಿ ಅದೇ ದುಡ್ಡು ಬಳಕೆದಾರನ ಕಿಸೆಯಿಂದ ಬಾವಿಯ ಮಾಲೀಕನಿಗೂ ಸರ್ಕಾರಕ್ಕೂ ಹೋಗುತ್ತದೆ, ಒಟ್ಟಿನಲ್ಲಿ ಮನೆಯೊಳಗೇ ಇರುತ್ತದೆ. ಆಮದು ದೇಶಕ್ಕೆ ಇನ್ನೊಂದು ಪೆಟ್ಟೂ ಇದೆ. ತೈಲವನ್ನು ಡಾಲರಿನಲ್ಲಿ ಕೊಳ್ಳಬೇಕು, ಡಾಲರಿಗೆ ಬೇಡಿಕೆ ಹೆಚ್ಚಿದಾಗ ಸ್ವಂತ ನಾಣ್ಯ ಸೊರಗುತ್ತದೆ, ಸೊರಗಿದ ನಾಣ್ಯದಲ್ಲಿ ತೈಲ ಇನ್ನಷ್ಟು ದುಬಾರಿ. 2008ರ ಜುಲೈನಲ್ಲಿ ಕಚ್ಚಾ ತೈಲ 147 ಡಾಲರ್ ಮುಟ್ಟಿತ್ತು. 2022ರಲ್ಲಿ ಡಾಲರ್ ಲೆಕ್ಕದಲ್ಲಿ ಆ ಎತ್ತರಕ್ಕೆ ಹೋಗಲೇ ಇಲ್ಲ. ಆದರೆ ಅಷ್ಟರಲ್ಲಿ ಯೂರೋ ಬಡವಾಗಿತ್ತು, ಹಾಗಾಗಿ ಯೂರೋ ಎಣಿಸಿ ಕೊಡುವವರಿಗೆ ಅದು 2008ನ್ನೂ ಮೀರಿದ ಬೆಲೆ. ಕಚ್ಚಾ ತೈಲ ಮೊದಲಿನಷ್ಟು ಏರಿಲ್ಲ, ಆದರೂ ಬಂಕಿನಲ್ಲಿ ದಾಖಲೆ ದರ ಏಕೆ ಎಂದು ಯಾರಾದರೂ ಕೇಳಿದರೆ ಮೊದಲು ವಿನಿಮಯ ದರ ನೋಡಲು ಹೇಳಿ.

ಇಷ್ಟು ದೊಡ್ಡ ಕೆರೆಗೆ ಒಂದು ಸಣ್ಣ ಹಳ್ಳ ಬತ್ತಿದರೆ ಅಷ್ಟೊಂದು ಗದ್ದಲವೇಕೆ? 1979ರಲ್ಲಿ ಇರಾನಿನ ಕ್ರಾಂತಿಯಿಂದ ಜಗತ್ತಿನ ಪೂರೈಕೆಯಲ್ಲಿ ಕಡಿಮೆಯಾದದ್ದು ನೂರಕ್ಕೆ ನಾಲ್ಕೈದು ಪಾಲು. ಬೆಲೆ ಮಾತ್ರ ಮುಂದಿನ ಒಂದು ವರ್ಷದಲ್ಲಿ ಎರಡು ಪಟ್ಟಿಗೂ ಮೀರಿ ಏರಿತು. ತೈಲದ ವಿಷಯದಲ್ಲಿ ನಾವು ತಕ್ಷಣಕ್ಕೆ ಏನೂ ಬದಲಾಯಿಸಿಕೊಳ್ಳಲಾರೆವು, ಕಷ್ಟವಿರುವುದು ಅಲ್ಲಿ. ಟೊಮೆಟೊ ದುಬಾರಿಯಾದರೆ ಹುಣಸೆಹುಳಿ ಹಾಕಿ ಸಾರು ಮಾಡಬಹುದು. ಪೆಟ್ರೋಲ್ ದುಬಾರಿಯಾದರೆ ಇವತ್ತು ಸಂಜೆಯೊಳಗೆ ಮನೆಯನ್ನು ಕಚೇರಿಯ ಹತ್ತಿರಕ್ಕೆ ಎತ್ತಿಡಲಾಗುವುದಿಲ್ಲ, ಇರುವ ಕಾರಿಗೆ ಬೇರೆ ಎಂಜಿನ್ ಹಾಕಲಾಗುವುದಿಲ್ಲ. ಜಗತ್ತಿನ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಸುಡುವುದು ಸಾರಿಗೆಗೆ. ಎಲ್ಲರೂ ಅದೇ ಬಳಕೆಗೆ ಜೋತುಬಿದ್ದಿರುವಾಗ ನೂರರಲ್ಲಿ ನಾಲ್ಕು ಪಾಲನ್ನು ಯಾರು ಬಿಟ್ಟುಕೊಡಬೇಕು ಎಂಬ ಜಗ್ಗಾಟ ನಡೆಯುತ್ತದೆ. ಬೆಲೆ ಏರುವುದೆಂದರೆ ಆ ಜಗ್ಗಾಟವೇ. ಕೊಡಲಾಗದವರು ಬಿಡುತ್ತಾರೆ, ಅಲ್ಲಿಯವರೆಗೆ ಏರುತ್ತಲೇ ಇರುತ್ತದೆ.

ಇದು ತಿರುಗಾಮುರುಗಾ ಆದಾಗಲೂ ಅಷ್ಟೇ ವಿಚಿತ್ರ. 2020ರ ಏಪ್ರಿಲ್ 20ರಂದು, ಕೊರೊನಾ ಕಾಲದಲ್ಲಿ ವಾಹನಗಳೆಲ್ಲ ನಿಂತಿದ್ದಾಗ, ಮುಂದೆ ಕೊಡುವ ಸರಕಿಗೆ ಇಂದೇ ದರ ಕಟ್ಟುವ ಅಮೆರಿಕದ ವಾಯಿದಾ ಪೇಟೆಯಲ್ಲಿ ಕಚ್ಚಾ ತೈಲದ ದರ ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರಿಗೆ ಮುಗಿಯಿತು. ತೈಲವನ್ನು ಇಡಲು ಜಾಗವಿಲ್ಲದೆ, ‘ದುಡ್ಡೂ ಕೊಡುತ್ತೇನೆ, ಸರಕನ್ನೂ ತೆಗೆದುಕೊಂಡು ಹೋಗು ಮಹಾರಾಯ’ ಎನ್ನುವ ಸ್ಥಿತಿ. ಮರುದಿನ ಯಾವ ಬಂಕಿನಲ್ಲೂ ಪೆಟ್ರೋಲಿನ ಜೊತೆ ಚಿಲ್ಲರೆ ಎಣಿಸಿ ಕೊಟ್ಟದ್ದನ್ನು ನಾನಂತೂ ಕೇಳಿಲ್ಲ.

ಕೊರತೆಯ ಭಯಕ್ಕೆ ಭೂಗೋಳವೂ ಕಾರಣ. ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ಜಲಸಂಧಿ ತೀರಾ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್ ಅಗಲ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರಲ್, ಅಂದರೆ ಜಗತ್ತು ಬಳಸುವುದರಲ್ಲಿ ಐದನೇ ಒಂದು ಪಾಲು, ಈ ಒಂದು ಕಿರುದಾರಿಯಿಂದ ಹೊರಬಂತು. ಸೌದಿ ಅರೇಬಿಯಾ ಕೆಂಪು ಸಮುದ್ರದ ಯಾನ್ಬುವಿಗೆ, ಅಬುಧಾಬಿ ಜಲಸಂಧಿಯ ಹೊರಗಿರುವ ಫುಜೈರಾಕ್ಕೆ ಪೈಪ್‌ಲೈನ್ ಹಾಕಿಕೊಂಡಿವೆ. ಅವೆರಡೂ ಸೇರಿದರೂ ಇದರ ಅರ್ಧವನ್ನೂ ಸಾಗಿಸಲಾರವು. ಅಲ್ಲಿ ಒಂದು ಹಡಗಿಗೆ ಬೆಂಕಿ ಬಿದ್ದರೆ ಅಂದೇ ಬೆಲೆ ನೆಗೆಯುತ್ತದೆ, ಒಂದು ಹನಿಯೂ ಕಡಿಮೆಯಾಗುವ ಮೊದಲೇ. ವ್ಯಾಪಾರಿಗಳು ಇವತ್ತಿನ ತೈಲಕ್ಕೆ ಮಾತ್ರವಲ್ಲ, ನಾಳೆಯ ಅಂಜಿಕೆಗೂ ದರ ಕಟ್ಟುತ್ತಾರೆ.

ಇಲ್ಲಿಯವರೆಗೆ ಕಚ್ಚಾ ತೈಲದ ಮಾತಾಯಿತು. ಆದರೆ ಕಚ್ಚಾ ತೈಲವನ್ನು ಯಾರೂ ಟ್ಯಾಂಕಿಗೆ ಸುರಿದುಕೊಳ್ಳುವುದಿಲ್ಲ. ಸ್ವಾವಲಂಬನೆಯ ಚರ್ಚೆಗಳಲ್ಲಿ ಬಹಳ ಮಂದಿ ಮರೆಯುವುದು ನಡುವೆ ಇರುವ ರಿಫೈನರಿಯನ್ನು. ನೈಜೀರಿಯಾ ಆಫ್ರಿಕಾದ ಅತಿ ದೊಡ್ಡ ತೈಲ ಉತ್ಪಾದಕರಲ್ಲೊಂದು. ಆದರೂ ಸರ್ಕಾರಿ ರಿಫೈನರಿಗಳು ಕೆಟ್ಟು ಕೂತ ಕಾರಣ ದಶಕಗಳ ಕಾಲ ತನ್ನ ಪೆಟ್ರೋಲಿನ ಬಹುಪಾಲನ್ನು ಹೊರಗಿನಿಂದ ತರಿಸಿತು. ಲಾಗೋಸ್ ಬಳಿ ದಿನಕ್ಕೆ 6.5 ಲಕ್ಷ ಬ್ಯಾರಲ್ ಸಾಮರ್ಥ್ಯದ ಡಂಗೋಟೆ ರಿಫೈನರಿ 2024ರಲ್ಲಿ ಕೆಲಸ ಶುರುಮಾಡಿದ ಮೇಲಷ್ಟೇ ಚಿತ್ರ ಬದಲಾಗತೊಡಗಿತು. ತೈಲದ ಮೇಲೇ ಕೂತಿರುವ ಇರಾನ್ ರಿಫೈನರಿ ಸಾಲದೆ 2007ರಲ್ಲಿ ಪೆಟ್ರೋಲಿಗೆ ಪಡಿತರ ತಂದಿತು. ಭೂಗರ್ಭದಲ್ಲಿ ಅತಿ ಹೆಚ್ಚು ತೈಲ ನಿಕ್ಷೇಪವಿದೆ ಎಂದು ಲೆಕ್ಕ ತೋರಿಸುವ ವೆನೆಜುವೆಲಾ 2020ರಲ್ಲಿ ಅದೇ ಇರಾನಿನಿಂದ ಹಡಗಿನಲ್ಲಿ ಪೆಟ್ರೋಲ್ ತರಿಸಿಕೊಳ್ಳಬೇಕಾಯಿತು. ಅತ್ತ, ಒಂದು ಹನಿ ಕಚ್ಚಾ ತೈಲವೂ ಇಲ್ಲದ ಸಿಂಗಪುರ ರಿಫೈನರಿಗಳ ಬಲದಿಂದ ಏಷ್ಯಾಕ್ಕೆಲ್ಲ ಇಂಧನ ಮಾರುತ್ತದೆ.

ಎಲ್ಲ ತೈಲವೂ ಒಂದೇ ಜಾತಿಯದಲ್ಲ ಎಂಬುದೂ ನೆನಪಿರಲಿ. ಗಂಧಕ ಕಡಿಮೆಯಿರುವ ತಿಳಿ ತೈಲ ಒಂದು, ಗಂಧಕ ಹೆಚ್ಚಿರುವ ಮಂದ ತೈಲ ಇನ್ನೊಂದು. ಪ್ರತಿ ರಿಫೈನರಿಯನ್ನು ಒಂದು ಬಗೆಗೆ ಹೊಂದಿಸಿ ಕಟ್ಟಿರುತ್ತಾರೆ. ಮೆಕ್ಸಿಕೊ ಕೊಲ್ಲಿಯ ದಡದ ಅಮೆರಿಕನ್ ರಿಫೈನರಿಗಳಲ್ಲಿ ಅನೇಕವನ್ನು ಮಂದ ತೈಲಕ್ಕೆಂದೇ ಭಾರೀ ಖರ್ಚಿನಲ್ಲಿ ಸಜ್ಜುಗೊಳಿಸಿದ್ದರು, ಷೇಲ್‌ನಿಂದ ಬಂದದ್ದು ತಿಳಿ ತೈಲ. ಹಾಗಾಗಿ ಆ ದೇಶ ತಿಳಿಯದನ್ನು ಮಾರುತ್ತದೆ, ಮಂದದ್ದನ್ನು ಕೊಳ್ಳುತ್ತದೆ. ಆಮದು ನಿಲ್ಲಿಸಿಬಿಡಿ ಎಂದು ಕೂಗುವವರು ಈ ಯಂತ್ರದ ಮುಂದೆ ನಿಂತು ಒಮ್ಮೆ ಕೂಗಬೇಕು.

ಎರಡನೆಯ ಪ್ರಶ್ನೆ, ಏರುವಾಗಿನ ಅವಸರ ಇಳಿಯುವಾಗ ಏಕಿಲ್ಲ? ಅರ್ಥಶಾಸ್ತ್ರಜ್ಞರು ಇದಕ್ಕೆ ರಾಕೆಟ್ ಮತ್ತು ಗರಿ ಎಂದೇ ಹೆಸರಿಟ್ಟಿದ್ದಾರೆ, ಏರುವುದು ರಾಕೆಟ್ಟಿನಂತೆ, ಇಳಿಯುವುದು ಹಕ್ಕಿಯ ಗರಿಯಂತೆ. ಇದರಲ್ಲಿ ಒಂದು ಭಾಗ ವ್ಯಾಪಾರದ ಚಾಲಾಕಿತನ. ಬೆಲೆ ಏರುತ್ತಿರುವಾಗ ಜನ ನಾಲ್ಕು ಬಂಕು ವಿಚಾರಿಸುತ್ತಾರೆ, ಇಳಿಯುತ್ತಿರುವಾಗ ‘ಪರವಾಗಿಲ್ಲ, ಕಡಿಮೆಯಾಗಿದೆ’ ಎಂದು ಮೊದಲ ಬಂಕಿನಲ್ಲೇ ಹಾಕಿಸಿಕೊಳ್ಳುತ್ತಾರೆ. ಮಾರುವವರಿಗೆ ಆಗ ಅವಸರವೇನು?

ಆದರೆ ಕಚ್ಚಾ ತೈಲ ಇಳಿದಷ್ಟು ಪೆಟ್ರೋಲ್ ಇಳಿಯದಿರುವುದಕ್ಕೆ ದೊಡ್ಡ ಕಾರಣ ಬರೀ ಗಣಿತ. ಲೆಕ್ಕದ ಅನುಕೂಲಕ್ಕೆ ಒಂದು ಲೀಟರಿನ ಬೆಲೆಯನ್ನು 100 ಎಂದಿಟ್ಟುಕೊಳ್ಳೋಣ. ಅದರಲ್ಲಿ 40 ಕಚ್ಚಾ ತೈಲಕ್ಕೆ, 10 ಶುದ್ಧೀಕರಣ, ಸಾಗಣೆ ಮತ್ತು ಬಂಕಿನವರ ಕಮಿಷನ್ನಿಗೆ, 50 ಲೀಟರಿಗೆ ಇಷ್ಟೆಂದು ನಿಗದಿಯಾದ ತೆರಿಗೆಗೆ. ನಾಳೆ ಕಚ್ಚಾ ತೈಲ ಅರ್ಧಕ್ಕರ್ಧ ಕುಸಿದರೆ 40 ಇದ್ದದ್ದು 20 ಆಗುತ್ತದೆ, ಮಿಕ್ಕದ್ದು ಅಲುಗುವುದಿಲ್ಲ. ಪತ್ರಿಕೆಯಲ್ಲಿ ‘ತೈಲ ಬೆಲೆ ಶೇ 50 ಕುಸಿತ’, ಬಂಕಿನಲ್ಲಿ 100 ಹೋಗಿ 80. ಮೋಸವೇನೂ ಆಗದೆಯೇ ಹೀಗಾಗುತ್ತದೆ. ಇನ್ನು ಕಚ್ಚಾ ತೈಲ ಇಳಿದ ಸಮಯ ನೋಡಿ ಸರ್ಕಾರ ತೆರಿಗೆಯನ್ನು ಒಂದಷ್ಟು ಏರಿಸಿತೆಂದರೆ ಆ 20 ಕೂಡ ನಿಮ್ಮ ಕೈಗೆ ಬರುವುದಿಲ್ಲ. ಅನೇಕ ಸರ್ಕಾರಗಳು ಮಾಡುವುದು ಇದನ್ನೇ, ಸದ್ದಿಲ್ಲದೆ. ಚೀನಾ ಮುಚ್ಚುಮರೆಯಿಲ್ಲದೆ ಮಾಡಿತು. ಕಚ್ಚಾ ತೈಲ 40 ಡಾಲರಿಗಿಂತ ಎಷ್ಟೇ ಕೆಳಗೆ ಹೋದರೂ ಬಂಕಿನ ದರ ಇಳಿಸುವುದಿಲ್ಲ ಎಂದು 2016ರಲ್ಲಿ ನಿಯಮವನ್ನೇ ಬರೆದಿಟ್ಟಿತು. ನನಗೆ ಆ ನೇರವಂತಿಕೆಯೇ ವಾಸಿ ಅನಿಸುತ್ತದೆ.

ಹಾಗೆಂದು ತೆರಿಗೆಯೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಭಾರೀ ತೆರಿಗೆಯಿರುವ ಕಡೆ ಕಚ್ಚಾ ತೈಲದ ನೆಗೆತ ಬಂಕಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ, ಅದೇ ಲೆಕ್ಕ ಏರುವಾಗಲೂ ಅನ್ವಯಿಸುತ್ತದಲ್ಲ. ತೆರಿಗೆ ಕಡಿಮೆಯಿರುವ ಅಮೆರಿಕದಲ್ಲಿ ಏರಿಳಿತ ಜನರ ಮುಖಕ್ಕೇ ಹೊಡೆಯುತ್ತದೆ. ತೆರಿಗೆ ಹೆಚ್ಚಿರುವ ಯುರೋಪಿನಲ್ಲಿ ಜನ ಮೊದಲಿನಿಂದಲೂ ಚಿಕ್ಕ ಕಾರು ಕೊಂಡರು, ರೈಲು ಹತ್ತಿದರು. ಯಾತನೆಯನ್ನು ಕಂತಿನಲ್ಲಿ ಕಟ್ಟಿದರು ಎನ್ನಬಹುದು.

ಅವಲಂಬನೆ ನಿಜವಾಗಿ ಕಡಿಮೆಯಾದದ್ದು ಎಲ್ಲಿ ಎಂದು ಹುಡುಕಿದರೆ ನನಗೆ ಮೊದಲು ಕಾಣುವುದು ಜಪಾನ್. ಅದಕ್ಕೆ ಸ್ವಂತ ತೈಲ ಇಲ್ಲವೆಂದೇ ಹೇಳಬೇಕು. 1973ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರಲ್ ಬಳಸುತ್ತಿತ್ತು, ಇತ್ತೀಚಿನ ವರ್ಷಗಳಲ್ಲಿ 35 ಲಕ್ಷಕ್ಕಿಂತ ಕಡಿಮೆ. ಈ ನಡುವೆ ಅದರ ಆರ್ಥಿಕತೆ ಎರಡು ಪಟ್ಟಿಗಿಂತಲೂ ದೊಡ್ಡದಾಗಿದೆ. ಇವತ್ತಿಗೂ ತೈಲವೆಲ್ಲ ವಿದೇಶಿಯೇ, ‘ಆಮದು ಅವಲಂಬನೆ’ಯ ಅಂಕಿ ಅಂದಿಗೂ ಇಂದಿಗೂ ನೂರರ ಹತ್ತಿರವೇ. ಆದರೆ ಒಂದೊಂದು ರೈಲು, ಒಂದೊಂದು ಕುಲುಮೆ, ಒಂದೊಂದು ಚಿಕ್ಕ ಎಂಜಿನ್ನಿನ ಮೂಲಕ ತೈಲದ ಹಿಡಿತವನ್ನು ಸಡಿಲಿಸಿಕೊಂಡಿತು. ಆಮದಿನ ಶೇಕಡಾವಾರು ಅಂಕಿಯನ್ನು ಮಾತ್ರ ನೋಡುವವರಿಗೆ ಈ ಸಾಧನೆ ಕಣ್ಣಿಗೇ ಬೀಳುವುದಿಲ್ಲ.

ಬ್ರೆಜಿಲ್ ಬೇರೆ ದಾರಿ ಹಿಡಿಯಿತು. 1975ರಲ್ಲಿ ಕಬ್ಬಿನ ಎಥೆನಾಲ್ ಯೋಜನೆ ಶುರುಮಾಡಿ, 1980ರ ದಶಕದ ನಡುವಿನ ಹೊತ್ತಿಗೆ ಮಾರಾಟವಾಗುವ ಹೊಸ ಕಾರುಗಳಲ್ಲಿ ಬಹುಪಾಲು ಬರೀ ಎಥೆನಾಲಿನಲ್ಲಿ ಓಡುವಂತೆ ಮಾಡಿತು. ಆಮೇಲೆ ತೈಲ ಅಗ್ಗವಾಯಿತು, ಸಕ್ಕರೆ ದುಬಾರಿಯಾಯಿತು, ಕಾರ್ಖಾನೆಗಳು ಸಕ್ಕರೆ ಮಾಡಲು ಹೊರಟವು. 1989–90ರಲ್ಲಿ ಎಥೆನಾಲಿಗೇ ಬರ ಬಂದು ಕಾರು ಕೊಂಡವರು ಪೇಚಿಗೆ ಸಿಕ್ಕರು. ಅರಬ್ ಶೇಖ್‌ಗಳ ಕೈಯಿಂದ ಬಿಡಿಸಿಕೊಂಡು ಸಕ್ಕರೆ ದರದ ಕೈಗೆ ಸಿಕ್ಕಂತಾಯಿತು. ಸಮಸ್ಯೆ ನೀಗಿದ್ದು 2003ರಿಂದ, ಪೆಟ್ರೋಲ್, ಎಥೆನಾಲ್ ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೂ ಓಡುವ ಫ್ಲೆಕ್ಸ್ ಎಂಜಿನ್ ಬಂದ ಮೇಲೆ. ಒಂದನ್ನೇ ನೆಚ್ಚುವ ಕಷ್ಟವನ್ನು ಆಗ ಬ್ರಿಟನ್ನಿನ ನೌಕಾಪಡೆಯ ಸಚಿವರಾಗಿದ್ದ ಚರ್ಚಿಲ್ 1913ರಲ್ಲೇ ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದ್ದರು. ಯುದ್ಧನೌಕೆಗಳನ್ನು ಸ್ವದೇಶಿ ಕಲ್ಲಿದ್ದಲಿನಿಂದ ವಿದೇಶಿ ತೈಲಕ್ಕೆ ಬದಲಾಯಿಸುವಾಗ, ತೈಲದಲ್ಲಿ ಭದ್ರತೆ ಇರುವುದು ಮೂಲಗಳ ವೈವಿಧ್ಯದಲ್ಲಿ, ವೈವಿಧ್ಯದಲ್ಲಿ ಮಾತ್ರ ಎಂಬುದು ಅವರ ಮಾತಿನ ಸಾರ.

ದಾಸ್ತಾನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1974ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸದಸ್ಯ ದೇಶಗಳು ತಮ್ಮ 90 ದಿನದ ನಿವ್ವಳ ಆಮದಿನಷ್ಟು ತೈಲವನ್ನು ಕೂಡಿಟ್ಟಿರಬೇಕು. ಅಮೆರಿಕ ಟೆಕ್ಸಾಸ್, ಲೂಸಿಯಾನಾಗಳ ಉಪ್ಪಿನ ಗವಿಗಳಲ್ಲಿ ಇಟ್ಟುಕೊಂಡಿದೆ. 2022ರಲ್ಲಿ ಅಲ್ಲಿಂದ 18 ಕೋಟಿ ಬ್ಯಾರಲ್ ಬಿಡುಗಡೆ ಘೋಷಿಸಿತು. ಕೇಳಲು ದೊಡ್ಡದು, ಜಗತ್ತಿನ ಎರಡು ದಿನದ ಖರ್ಚೂ ಆಗುವುದಿಲ್ಲ. ದಾಸ್ತಾನು ಕೆಲವು ತಿಂಗಳ ಉಸಿರಾಟಕ್ಕೆ, ಬೆಲೆಯನ್ನು ವರ್ಷಗಟ್ಟಲೆ ಹಿಡಿದಿಡಲು ಅಲ್ಲ.

ಇನ್ನು ಎಲೆಕ್ಟ್ರಿಕ್ ವಾಹನ. ‘ಅರಬರನ್ನು ಬಿಟ್ಟು ಚೀನಾದ ಕೈಗೆ ಸಿಗುವುದು ಯಾವ ಜಾಣತನ?’ ಎಂಬ ಆಕ್ಷೇಪ ನಿಮ್ಮ ಮನಸ್ಸಿನಲ್ಲೂ ಇರಬಹುದು. ಲಿಥಿಯಂ ಸಂಸ್ಕರಣೆಯಲ್ಲೂ ಬ್ಯಾಟರಿ ತಯಾರಿಕೆಯಲ್ಲೂ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಚೀನಾದ್ದು, ಆಕ್ಷೇಪ ಪೊಳ್ಳೇನಲ್ಲ. ಆದರೆ ಎರಡು ಅವಲಂಬನೆಗಳ ಸ್ವಭಾವವೇ ಬೇರೆ. ತೈಲ ಬರುವುದು ನಿಂತರೆ ಓಡುತ್ತಿರುವ ಪ್ರತಿ ವಾಹನವೂ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಬ್ಯಾಟರಿ ಬರುವುದು ನಿಂತರೆ ಹೊಸ ವಾಹನಗಳ ಮಾರಾಟ ನಿಲ್ಲುತ್ತದೆ, ಓಡುತ್ತಿರುವವು ಓಡುತ್ತಲೇ ಇರುತ್ತವೆ. ಒಂದು ದಿನಸಿ ಅಂಗಡಿಯ ಸಾಲ, ಇನ್ನೊಂದು ಒಲೆ ಕೊಂಡ ಸಾಲ. ವಿದ್ಯುತ್ತನ್ನು ನೀರು, ಬಿಸಿಲು, ಗಾಳಿ, ಅಣು, ಕಲ್ಲಿದ್ದಲು ಯಾವುದರಿಂದಲೂ ಮಾಡಬಹುದು. ತೈಲ ಮಾರಿ ಶ್ರೀಮಂತವಾದ ನಾರ್ವೆಯನ್ನು ನೋಡಿದರೆ ನನಗೆ ಒಳಗೊಳಗೇ ನಗು. ಅಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್. ಸಾರಾಯಿ ಮಾರುವವನು ತಾನು ಕುಡಿಯುವುದಿಲ್ಲವಂತೆ. ವಿಮಾನ, ಹಡಗು, ಪ್ಲಾಸ್ಟಿಕ್ ಉದ್ಯಮಗಳಿಗೆ ಮಾತ್ರ ಇಷ್ಟು ಸುಲಭದ ದಾರಿ ಇನ್ನೂ ಇಲ್ಲ.

ಕೊನೆಗೆ ಟ್ಯಾಂಕ್ ತುಂಬಿಸುವ ಪ್ರಶ್ನೆ. 1979ರಲ್ಲಿ ಅಮೆರಿಕದ ಬಂಕುಗಳ ಮುಂದೆ ಮೈಲುದ್ದದ ಸಾಲು ನಿಂತದ್ದಕ್ಕೆ ಕೊರತೆಯಷ್ಟೇ ಜನರ ಗಾಬರಿಯೂ ಕಾರಣ. ಟ್ಯಾಂಕ್ ಮುಕ್ಕಾಲು ಇರುವಾಗಲೇ ಮತ್ತೆ ಬಂದು ತುಂಬಿಸಿಕೊಳ್ಳುತ್ತಿದ್ದರು. ಬಂಕಿನ ನೆಲಮಾಳಿಗೆಯಲ್ಲಿ ಇರಬೇಕಾದ ಪೆಟ್ರೋಲ್ ಲಕ್ಷಾಂತರ ಕಾರುಗಳ ಹೊಟ್ಟೆಯಲ್ಲಿ ಕೂತಿತು. ಕ್ಯಾಲಿಫೋರ್ನಿಯಾದಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಬೆಸವೋ ಸಮವೋ ನೋಡಿ ದಿನ ಬಿಟ್ಟು ದಿನ ಹಾಕಬೇಕಾಯಿತು. ಕೆಲವು ರಾಜ್ಯಗಳಲ್ಲಿ ಇಂತಿಷ್ಟಕ್ಕಿಂತ ಕಡಿಮೆ ಹಾಕಿಸಿಕೊಳ್ಳುವಂತಿಲ್ಲ ಎಂಬ ನಿಯಮ ಬಂತು, ತುಂಬಿದ ಟ್ಯಾಂಕಿನವರು ಸಾಲಿಗೆ ಬಾರದಿರಲಿ ಎಂದು. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲೂ ಇದೇ ನಾಟಕ. ರಿಫೈನರಿಗಳಲ್ಲಿ ಇಂಧನವಿತ್ತು, ಟ್ಯಾಂಕರ್ ಓಡಿಸುವ ಚಾಲಕರು ಸಾಲದಾಗಿದ್ದರು, ಸುದ್ದಿ ಕೇಳಿದ ಜನ ಒಟ್ಟಿಗೆ ನುಗ್ಗಿ ಬಂಕುಗಳನ್ನು ಬರಿದು ಮಾಡಿದರು.

ನಿಮ್ಮ ಲಾಭವನ್ನೇ ಲೆಕ್ಕ ಹಾಕೋಣ. ಕಾರಿನ ಟ್ಯಾಂಕ್ 40 ಲೀಟರಿನದು, ಅರ್ಧ ಖಾಲಿ ಎಂದುಕೊಳ್ಳಿ. ನಾಳೆ ದರ ನೂರಕ್ಕೆ ಮೂರು ಏರುತ್ತದೆಂದು ಇಂದೇ ಹೋಗಿ 20 ಲೀಟರ್ ಹಾಕಿಸಿದರೆ ಉಳಿಯುವುದು 0.6 ಲೀಟರಿನ ದುಡ್ಡು. ಅದಕ್ಕಾಗಿ ಎಂಜಿನ್ ಚಾಲೂ ಇಟ್ಟುಕೊಂಡು ಅರ್ಧ ಗಂಟೆ ಸಾಲಿನಲ್ಲಿ ತೆವಳಿದರೆ ಅದರಲ್ಲಿ ಅರ್ಧದಷ್ಟು ಅಲ್ಲೇ ಹೊಗೆಯಾಗಿ ಹೋಗಿರುತ್ತದೆ.